ನೀಲಗಂಗಮ್ಮನವರ ಪಟ

ಬೆಳಗಾದರೂ ನೀಲಗಂಗಮ್ಮನವರ ಹಾಸಿಗೆ ಸುತ್ತಿಟ್ಟ ಹಾಗೆಯೇ ಇತ್ತು. ಸಂಜೆ ತೆಂಗಿನ ತೋಟಕ್ಕೆಂದು ಹೋದವರು ಮರಳಿರಲಿಲ್ಲ.

ಮೊಮ್ಮಗಳು ಪ್ರತಿಭಾ ಹಾಸನದಿಂದ ಹೊಳೆನರಸೀಪುರಕ್ಕೆ ಬಂದಿಳಿಯುವ ವೇಳೆಗೆ ಅಜ್ಜಿಯ ಭಾವಚಿತ್ರ ಅರಕಲಗೂಡು, ಚನ್ನರಾಯಪಟ್ಟಣಗಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡುತ್ತಿತ್ತು. ಅದು ಅವಳೇ ತೆಗೆದ ಚಿತ್ರ. ಎರಡು ವರ್ಷದ ಹಿಂದೆ ಮನೆಯ ಒಬ್ಬೊಬ್ಬರನ್ನೂ ಕಿಟಕಿಯ ಬೆಳಕಿನಲ್ಲಿ ಒಂಟಿಯಾಗಿ ಕೂರಿಸಿ ತೆಗೆದಿದ್ದಳು. ಅಜ್ಜಿಯದನ್ನು ಮಾತ್ರ ಕಟ್ಟು ಹಾಕಿಸಿ, ತೀರಿಹೋದ ತಾತನ ಪಟದ ಪಕ್ಕಕ್ಕೆ ತೂಗುಹಾಕಿದ್ದಳು.

"ಬದ್ಕಿರೋರ್ಗೆ ಯಾಕವ್ವಾ ಇಷ್ಟು ದೊಡ್ಡ ಪಟ? ಹಾರನೂ ತಂದಿದ್ದೀಯಾ?" ಎಂದು, ಅಣ್ಣನ ಪಟಕ್ಕೆ ದಿನದ ವಿಭೂತಿ ಹಚ್ಚುತ್ತ, ತಾತನ ತಮ್ಮ ಪಾಲಾಕ್ಷ ಆಗ ನಕ್ಕಿದ್ದರು.

ಇಂದು ನಡುಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅಪ್ಪ ನಟರಾಜ ರಾತ್ರಿಯಿಡೀ ಹುಡುಕಿ, ಮೊಣಕಾಲಿನವರೆಗೂ ಕೆಸರಾಗಿ, ಗೋಡೆಗೊರಗಿದ್ದ. ಸಬ್‌ಇನ್ಸ್‌ಪೆಕ್ಟರ್ ತೇಜಶ್ರೀ ನಿಂತೇ ಪ್ರಶ್ನಿಸುತ್ತಿದ್ದರು.

"ಕೊನೆಗೆ ನೋಡಿದ್ದು ಯಾರು?"

"ನಾನೇ ಮೇಡಂ," ಪಾಲಾಕ್ಷ ಮುಂದೆ ಬಂದರು. ಮಿಂದು ಮಡಿಯುಟ್ಟ ಮೈ, ಹಣೆಯ ತುಂಬ ವಿಭೂತಿ. "ಬಸ್‌ಸ್ಟಾಪ್‌ನಾಗೆ ನಿಂತಿದ್ರು. ಚನ್ರಾಯಪಟ್ಣಕ್ಕೆ, ತಂಗಿ ಮನ್ಗೆ ಅಂದ್ರು."

"ಮಗನಿಗೆ ಹೇಳದೆ?"

"ಮಗನ್ ಜೊತೆ ಜಗ್ಳ ಆಗಿತ್ತಲ್ಲ!"

ತೇಜಶ್ರೀ ತಿರುಗಿದರು. "ಏನು ಜಗಳ?"

"ತ್ವಾಟದ ಬಾಂದುಕಲ್ಲು ಸರ್ದೈತೆ, ಅಳತೆ ಮಾಡ್ಸು ಅಂತಿದ್ರು," ನಟರಾಜ ಕೆಸರುಗಾಲನ್ನೇ ನೋಡುತ್ತ ಹೇಳಿದ. "ಸುಮ್ಕಿರವ್ವ ಅಂತ ರೇಗ್ಬುಟ್ಟೆ."

"ಫೋಟೋ ಕಳಿಸಿದ್ದು?"

"ನಾನೇ. ಬೆಳಿಗ್ಗೆ ಗೋಡೆ ಮೇಲಿರೋ ಪಟನೇ ಮೊಬೈಲ್‌ನಾಗೆ ತೆಗ್ದೆ."

ಪ್ರತಿಭಾ ಆ ಚಿತ್ರವನ್ನು ಮತ್ತೆ ನೋಡಿದಳು. ಏನೋ ಸರಿಯಿಲ್ಲ. ತನ್ನ ಫೋನಿನಲ್ಲಿದ್ದ ಮೂಲಚಿತ್ರ ತೆರೆದು ಪಕ್ಕದಲ್ಲಿ ಹಿಡಿದಳು.

ಅಂದು ಅಜ್ಜಿ ಒಲೆಯ ಮುಂದಿನಿಂದ ಬೆವರುತ್ತ ಎದ್ದು ಬಂದಿದ್ದರು. "ತಡಿ ಕಣವ್ವ, ಇಬೂತಿ ಅಳ್ಸೋಗೈತೆ, ಹಚ್ಕಂಡ್ ಬತ್ತೀನಿ." ಪ್ರತಿಭಾ ಬಿಟ್ಟಿರಲಿಲ್ಲ: "ಬ್ಯಾಡ ಅಜ್ಜಿ, ಹೆಂಗಿದ್ದೀಯೋ ಹಂಗೇ ಇರು." ಮೂಲಚಿತ್ರದಲ್ಲಿ ಹಣೆ ಬರಿದು. ಊರೂರು ಸುತ್ತುತ್ತಿದ್ದ ಚಿತ್ರದಲ್ಲಿ? ಮೂರು ಗೆರೆ — ಸ್ಪಷ್ಟವಾಗಿ, ಬೆಳ್ಳಗೆ, ಒಂದು ತುದಿ ಕೂದಲಿನ ಮೇಲೂ ಹಾದು.

ಎರಡನ್ನೂ ತೇಜಶ್ರೀಯ ಮುಂದೆ ಹಿಡಿದಳು. ಅವರು ಗೋಡೆಯ ಬಳಿಗೆ ನಡೆದರು. ತಾತನ ಪಟದ ಗಾಜಿನ ಮೇಲೆ ಹೊಸ ವಿಭೂತಿ. ಅಜ್ಜಿಯ ಗಾಜು ಮಾತ್ರ ಈಗಷ್ಟೇ ಒರೆಸಿದಂತೆ ಹೊಳೆಯುತ್ತಿತ್ತು.

"ನಿಮ್ಮಲ್ಲಿ ಪಟಕ್ಕೆ ವಿಭೂತಿ ಹಚ್ಚುವುದು ಯಾವಾಗ?"

"ತೀರಿಕೊಂಡ ಮೇಲೆ," ಎಂದಳು ಪ್ರತಿಭಾ. ಆ ಚಿತ್ರ ಬಂದದ್ದು ಅಪ್ಪನ ಫೋನಿನಿಂದ. ಅಪ್ಪನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಗೆರೆಗಳಿದ್ದದ್ದು ಗಾಜಿನ ಮೇಲೆ," ತೇಜಶ್ರೀ ನಿಧಾನವಾಗಿ ಹೇಳಿದರು. "ಇಷ್ಟು ಜನ ನೋಡಿದೆವು, ನಾನೂ ನೋಡಿದೆ. ಅಜ್ಜಿಯ ಹಣೆಯದೇ ಅಂದುಕೊಂಡೆವು. ನಟರಾಜರೇ, ಬೆಳಿಗ್ಗೆ ಪೂಜೆ ಮಾಡಿದಿರಾ?"

"ಸ್ನಾನನೇ ಆಗಿಲ್ಲ ಮೇಡಂ..."

"ಆಗಿರುವುದು ಒಬ್ಬರಿಗೇ. ದಿನಾ ಅಣ್ಣನ ಪಟಕ್ಕೆ ಹಚ್ಚುವ ಕೈ ಇವತ್ತು ಪಕ್ಕದ ಪಟಕ್ಕೂ ಹೋಯಿತು. ಅಲ್ಲವೇ ಪಾಲಾಕ್ಷರೇ? ಫೋಟೋ ಹೊರಟ ಮೇಲೆ ಎಚ್ಚರವಾಗಿ ಗಾಜು ಒರೆಸಿದಿರಿ. ಊರವರ ಫೋನು ಒರೆಸಲಾಗಲಿಲ್ಲ. ಎಲ್ಲರೂ ಹುಡುಕುತ್ತಿರುವಾಗ, ಅವರು ಸತ್ತಿದ್ದಾರೆಂದು ನಿಮಗೆ ಹೇಗೆ ಗೊತ್ತು? ಬಾಂದುಕಲ್ಲಿನ ಆಚೆಯ ತೋಟ ಯಾರದ್ದು?"

ಪಾಲಾಕ್ಷ ಕಂಬದ ಬುಡದಲ್ಲಿ ಕುಳಿತುಬಿಟ್ಟರು.

"ಕಲ್ಲು ಕೀಳ್ತಿದ್ದೆ... ಬಂದ್ಬುಟ್ರು. ಒಸಿ ತಳ್ದೆ, ಅಷ್ಟೇಯ. ಬಿದ್ದೋರು ಏಳ್ನಿಲ್ಲ. ನನ್ ಪಂಪ್‌ಹೌಸ್‌ನಾಗೆ ಮಲಗ್ಸಿ ಬೀಗ ಹಾಕ್ದೆ." ಅವರು ಗೋಡೆಯತ್ತ ನೋಡಲಿಲ್ಲ. "ಅತ್ಗೆ ಕೈಯಾಗೆ ಉಂಡು ಬೆಳ್ದೋನು ಕಣವ್ವಾ. ಹಚ್ದೆ ಇರಕ್ಕಾಗ್ನಿಲ್ಲ."

"ಉಸಿರು ನೋಡಿದಿರಾ?"

"ಭಯ ಆಯ್ತು..."

"ನೋಡಲೇ ಇಲ್ಲವಾ!" ತೇಜಶ್ರೀ ಆಗಲೇ ಓಡುತ್ತಿದ್ದರು. ಹಿಂದೆ ನಟರಾಜ, ಪ್ರತಿಭಾ.

ಬೀಗ ಒಡೆದಾಗ ಒಳಗೆ ಕತ್ತಲು, ಒದ್ದೆ ಮಣ್ಣಿನ ವಾಸನೆ. ಮೂಲೆಯಲ್ಲಿ ಸೀರೆಯ ಮುದ್ದೆ. ಅದು ಅಲುಗಲಿಲ್ಲ. ಪ್ರತಿಭಾ ಮೊಣಕಾಲೂರಿ ಕೆನ್ನೆ ಮುಟ್ಟಿದಳು.

"ಯಾರವ್ವಾ?" ಎಂದಿತು ಮುದ್ದೆ. "ನೀರು ಕೊಡು."

ನಾಲ್ಕಾರು ದಿನದ ಮೇಲೆ ಹಾಸನದ ಆಸ್ಪತ್ರೆಯ ಕಿಟಕಿಯ ಬಳಿ ಅಜ್ಜಿಯನ್ನು ಕೂರಿಸಿ ಪ್ರತಿಭಾ ಮತ್ತೆ ಫೋನು ಹಿಡಿದಳು.

"ತಡಿಯೇ, ಇಬೂತಿ ಇಲ್ಲ ಹಣೆಮ್ಯಾಗೆ."

ಈ ಸಲ ಪ್ರತಿಭಾ ಬೇಡವೆನ್ನಲಿಲ್ಲ. ಫೋನು ಕೆಳಗಿಟ್ಟು, ಬ್ಯಾಂಡೇಜಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಮೂರು ಗೆರೆ ಎಳೆದಳು. ಬೆರಳಿಗೆ ಹಣೆ ಬೆಚ್ಚಗೆ ತಾಗಿತು.