ಹುಣಸೆಮರದ ಬಾಣಂತಿಯರು

ತಂಪುಚಪ್ಪರ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಹುಣಸೆಮರದ ಕೊಂಬೆಗಳಲ್ಲಿ, ಗೂಡುಗಳ ನಡುನಡುವೆ ಕಟ್ಟಿದ ತೆಳ್ಳನೆಯ ಬಿಳಿ ಹಾಳೆಗಳು ಬಿಸಿಲನ್ನು ಬಂದ ದಾರಿಗೇ ಅಟ್ಟುತ್ತಿದ್ದವು. ಅವುಗಳ ಅಂಚಿನ ಸೂಜಿರಂಧ್ರಗಳಿಂದ ಮಂಜಿನಂಥ ಹನಿ ಉದುರುತ್ತಿತ್ತು. ಊರಲ್ಲಿ ನಲವತ್ತಾರು ಡಿಗ್ರಿ ಇದ್ದರೆ ಮರದಲ್ಲಿ ಮೂವತ್ತಾರು.

ಶಿಂಷಾ ದಂಡೆಯ ಕೊಳಗೂರಿಗೆ ಕೊಕ್ಕಿನಡಿ ಚೀಲವಿರುವ ಹೆಜ್ಜಾರ್ಲೆ ಹಕ್ಕಿಗಳು ತಲೆಮಾರುಗಳಿಂದ ಬಂದು ಮರಿ ಮಾಡುತ್ತಿದ್ದವು. ಈಗ ಚಳಿಗಾಲ ಮೊಟಕಾಗಿ, ಮರಿಗಳ ರೆಕ್ಕೆ ಬಲಿಯುವ ಮೊದಲೇ ಬೇಸಿಗೆ ಬಂದುಬಿಡುತ್ತಿತ್ತು. ಹೋದ ವರ್ಷ ಗೂಡಿನಲ್ಲೇ ಬೆಂದು ಸತ್ತ ಮರಿಗಳನ್ನು ಕಂಡ ಮೇಲೆ ವಿಜ್ಞಾನಿ ಇಂದುಧರ ಈ ಯಂತ್ರ ಕಟ್ಟಿದ್ದ. ಈ ಸಲವೂ ಮರಿ ಉಳಿಯದಿದ್ದರೆ ಹಕ್ಕಿಗಳು ಮತ್ತೆ ಈ ಊರಿಗೆ ಬರುವುದು ಅನುಮಾನ.

ಆದರೆ ಮಧ್ಯಾಹ್ನ ಅವನು ಊಟಕ್ಕೆ ಹೋದಾಗಲೆಲ್ಲ ಯಾರೋ ಸ್ವಿಚ್ಚು ಆರಿಸುತ್ತಿದ್ದರು.

ಒಂದು ದಿನ ಅರ್ಧ ಊಟಕ್ಕೇ ಎದ್ದು ಬಂದ. ಮರದ ಒಡತಿ ಚಿಕ್ಕತಾಯಮ್ಮ ಸಿಕ್ಕಿಬಿದ್ದಳು. ಮುಖದಲ್ಲಿ ಅಳುಕೇ ಇರಲಿಲ್ಲ.

"ಯಾಕವ್ವಾ ಆರ್ಸಿದ್ರಿ?"

"ಇನ್ನೇನಪ್ಪಾ ಮತ್ತೆ? ಹೆರಿಗೆಗೆ ಅಂತ ತವರಿಗೆ ಬಂದಿರೋ ಹೆಣ್ಮಕ್ಕಳು ಕಣಪ್ಪಾ ಅವು. ಬಾಣ್ತೀರ ಮೈಗೆ ತಣ್ಣೀರು ಎರಚ್ತೀಯಲ್ಲ, ಶೀತ ಆಗ್ದೆ ಇದ್ದೀತಾ? ನಿಮ್ಮವ್ವ ನಿನ್ನ ಹೆತ್ತಾಗ ಯಾರಾದ್ರೂ ಹಿಂಗ್ ಮಾಡಿದ್ರಾ?"

"ಹಕ್ಕಿಗೆ ಬಾಣಂತನ ಇಲ್ಲವ್ವಾ. ಅವಕ್ಕೆ ಬೆವರೋಕೂ ಬರಲ್ಲ. ಬಾಯಿ ತೆರೆದು, ಗಂಟಲ ಚೀಲ ಪಟಪಟ ಬಡಿದೇ ಮೈಬಿಸಿ ಹೊರಗೆ ಹಾಕ್ಬೇಕು. ಸುತ್ತಲ ಗಾಳಿನೇ ಕೆಂಡ ಆದ್ರೆ ಅದೂ ಸಾಗಲ್ಲ."

"ನಂಗೆ ಪಾಠ ಹೇಳ್ಬೇಡ. ಒಳಗೆ ನನ್ನ ಮಗಳೂ ಬಾಣ್ತಿನೇ. ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಕೆಂಡದ ಬಾಂಡ್ಲಿ ಇಟ್ಟಿವ್ನಿ. ಏನಾಗ್ಬಿಟ್ಟದೆ ಅವ್ಳಿಗೆ?"

ಮರದ ಪಕ್ಕದ ಮನೆಯೊಳಗಿನಿಂದ ಮಗಳು ಸುಕನ್ಯಳ ದನಿ ಬಂತು: "ಬೆಂದೋಗಿವ್ನಿ ಕಣವ್ವಾ!"

"ಸುಮ್ಕೆ ಮನೀಕೊಳ್ಳೇ!"

ಅಷ್ಟರಲ್ಲಿ ಮೇಲಿನಿಂದ ಮರಿಯೊಂದು ದೊಪ್ಪನೆ ಬಿತ್ತು. ಹುಲ್ಲಿನ ಮೆದೆ ಅಡ್ಡ ಸಿಕ್ಕಿದ್ದರಿಂದ ಬದುಕಿತ್ತು, ಅಷ್ಟೇ. ಕೊಕ್ಕು ಅಗಲಿಸಿ ಏದುಸಿರು ಬಿಡುತ್ತಿತ್ತು. ಎತ್ತಿಕೊಂಡ ಚಿಕ್ಕತಾಯಮ್ಮ ಕಾದ ಹೆಂಚು ಮುಟ್ಟಿದವಳಂತೆ ಬೆಚ್ಚಿದಳು. ಸೆರಗನ್ನು ನೀರಿನ ತೊಟ್ಟಿಗೆ ಅದ್ದಿ ಅದಕ್ಕೆ ಸುತ್ತಿದಳು. ತುಸು ಹೊತ್ತಿಗೆ ಗಂಟಲ ಬಡಿತ ನಿಧಾನವಾಗಿ, ಮರಿ ಕಣ್ಣು ತೆರೆಯಿತು.

"ಬೆಳಿಗ್ಗೆ ಕೂಸೂ ಹಿಂಗೇ ಬಾಯ್ ಬಿಡ್ತಿತ್ತು," ಎಂದಳು ಚಿಕ್ಕತಾಯಮ್ಮ, ಮರಿಗೇ ಹೇಳುವಂತೆ.

ಮರಿಯನ್ನು ಅವನ ಕೈಗಿತ್ತು, ತಾನೇ ಹೋಗಿ ಸ್ವಿಚ್ಚು ಒತ್ತಿದಳು. ಆಮೇಲೆ ಮುಚ್ಚಿದ ಕೋಣೆಯತ್ತ ತಿರುಗಿ ಕೂಗಿದಳು: "ಏ ಸುಕನ್ಯಾ, ಕೂಸು ಎತ್ಕೊಂಡು ಈಚೆ ಬಾ!"

ಆ ವರ್ಷ ಬಹುಪಾಲು ಮರಿಗಳು ರೆಕ್ಕೆ ಬಲಿತು ಹಾರಿದವು. ಅದನ್ನು ಇಂದುಧರ ನಿರೀಕ್ಷಿಸಿದ್ದ. ನಿರೀಕ್ಷಿಸದಿದ್ದದ್ದು ಮರದ ಕೆಳಗಿನ ಮಂಚಗಳನ್ನು. ಮುಂದಿನ ಬೇಸಿಗೆಯ ಹೊತ್ತಿಗೆ ಊರಿನ ಬಾಣಂತಿಯರೆಲ್ಲ ಅಲ್ಲಿಗೇ ಬಂದಿದ್ದರು, ಕೆಂಡದ ಬಾಂಡ್ಲಿಗಳು ಅಟ್ಟ ಸೇರಿದ್ದವು. ಹಕ್ಕಿಗೆಂದು ಮಾಡಿದ ಯಂತ್ರ ಮನುಷ್ಯರ ಕಿಟಕಿ ತೆರೆಸಿತ್ತು. ಒಂದೇ ತೊಂದರೆಯೆಂದರೆ, ಪ್ರತಿ ಮಂಚಕ್ಕೂ ಒಂದು ಕೊಡೆ ಕಟ್ಟಬೇಕಿತ್ತು.

ಕೂಸನ್ನು ಆಡಿಸುತ್ತ ಕೂತಿದ್ದ ಸುಕನ್ಯಳ ಕೊಡೆಯ ಮೇಲೆ ಒಮ್ಮೆ ಹಿಕ್ಕೆ ಪಚಕ್ಕನೆ ಬಿತ್ತು. ಚಿಕ್ಕತಾಯಮ್ಮ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿ ಗದರಿದಳು:

"ಏ ದೊಡ್ಡೋಳೇ! ಕೆಳಗೆ ನಿನ್ನ ತಂಗಿ ಕುಂತವ್ಳೆ, ಕಣ್ಣು ಕಾಣಲ್ವಾ?"