ಆರನೆಯ ಗಂಟು

ರುಕ್ಮವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು. ಕೈಯ ಹತ್ತಿರ ಔಷಧದ ಬಾಟಲಿ ಉರುಳಿತ್ತು. ಮೊದಲು ನೋಡಿದವಳು ಮೈದುನನ ಹೆಂಡತಿ ಶೆಟ್ಟೆವ್ವ. ಅವಳು ಕೂಗಿದ ಕೂಗಿಗೆ ಯಂಕಂಚಿಯ ಅರ್ಧ ಊರು ಸೇರಿತು.

ರುಕ್ಮವ್ವನ ಮೈ ತಣ್ಣಗಿತ್ತು. ಉಸಿರಿತ್ತು. ಗಂಡ ಚಂದ್ರಾಮ ಅವಳನ್ನು ಎತ್ತಿಕೊಂಡು ದವಾಖಾನೆಗೇ ಓಡಿದ. ಬೇರೆ ದಾರಿ ಇರಲಿಲ್ಲ. ಬಾಟಲಿ ಕೊಟ್ಟವನೂ ಆ ಡಾಕ್ಟರ್, ಉಳಿಸಬೇಕಾದವನೂ ಅದೇ ಡಾಕ್ಟರ್.

ಸಿಂದಗಿಯಿಂದ ಫೌಜದಾರ ಶ್ರೀಶೈಲಪ್ಪ ಬಂದಾಗ ದವಾಖಾನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

"ಇಸಾ ಕುಡಿಸ್ಯಾನ್ರಿ ಸಾಹೇಬ್ರ! ಮೊದ್ಲ ಬೇಡಿ ಹಾಕ್ರಿ!" ಗೈಬುಸಾಬ ಗಂಟಲು ಹರಿಯುವಂತೆ ಒದರಿದ.

"ಬೇಡಿ ಹಾಕಿದ್ರ ಆಕೀನ್ನ ಯಾರು ಉಳಸ್ತಾರ? ನೀ ಉಳಸ್ತಿಯೇನು?"

ಫೌಜದಾರ ಬಾಗಿಲಿಗೆ ಒಬ್ಬ ಪೊಲೀಸನನ್ನು ನಿಲ್ಲಿಸಿ ಒಳಗೆ ಹೋದ.

ಡಾಕ್ಟರ್ ನಿಜಾಮುದ್ದೀನ ತಲೆ ಎತ್ತಲಿಲ್ಲ. ಹೊಟ್ಟೆ ತೊಳೆದಾಗಿತ್ತು. ಅವನ ಬೆರಳು ಅವಳ ನಾಡಿಯ ಮೇಲಿತ್ತು.

"ಏನು ಕುಡದಾಳ?"

"ಕಣಗಲ ಬೇರು. ನಾಡಿ ಹಂಗ ಹೇಳ್ತೈತಿ."

"ಉಳೀತಾಳೇನು?"

"ನಾಳೆ ಮುಂಜಾನಿ ಹೇಳ್ತೇನ್ರಿ."

"ನಿಮ್ಮ ಬಾಟ್ಲಿಯೊಳಗ ಬೇರು ಹೆಂಗ ಬಂತು?"

"ಗೊತ್ತಿಲ್ರಿ."

ಫೌಜದಾರ ಬಾಟಲಿಯಲ್ಲಿ ಉಳಿದಿದ್ದನ್ನು ತಾಟಿಗೆ ಸುರಿದ. ತಳದಲ್ಲಿ ಬೇರಿನ ಸಣ್ಣ ನಾರು ಕಂಡಿತು. ದವಾಖಾನೆಯ ಔಷಧವನ್ನೆಲ್ಲ ಬಟ್ಟೆಯಲ್ಲಿ ಸೋಸುತ್ತಿದ್ದರು. ಹಾಗಾದರೆ ಬೇರು ಆಮೇಲೆ ಸೇರಿದ್ದು. ಆದರೆ ಅಷ್ಟರಿಂದಲೇ ಡಾಕ್ಟರ್ ನಿರಪರಾಧಿ ಎನ್ನುವಂತಿರಲಿಲ್ಲ. ಬೇಕೆಂದವನು ಸೋಸಿದ ಮೇಲೂ ಹಾಕಬಲ್ಲ.

* * *

ಗೋಡೆಯ ತುಂಬ ಮೊಳೆಗಳು. ಒಂದೊಂದು ಮೊಳೆಗೂ ಒಂದೊಂದು ದಾರ.

ಅದು ಈ ದವಾಖಾನೆಯ ಪದ್ಧತಿ. ಬಡಿಗನಿಗೆ, ಕಮ್ಮಾರನಿಗೆ ಸುಗ್ಗಿಯಲ್ಲಿ ಆಯದ ಜೋಳ ಕೊಡುವಂತೆ ಊರು ಡಾಕ್ಟರಿಗೂ ಆಯ ಕೊಡುತ್ತಿತ್ತು. ಆಯ ಕೊಟ್ಟ ಮನೆ ವರ್ಷವಿಡೀ ಅವನ ಮನೆ. ಜ್ವರ ಬರಲಿ, ಚೇಳು ಕಡಿಯಲಿ, ಕೇಳುವುದೇನಿಲ್ಲ, ಬಂದು ಕೂರುವುದು. ಮನೆಗೊಂದು ದಾರ, ತಲೆಗೊಂದು ಗಂಟು, ಗಂಟಿಗೊಂದು ಬುಟ್ಟಿ ಜೋಳ. ಅಕ್ಷರ ಬಾರದವರಿಗೂ ತಮ್ಮ ದಾರ ಗೊತ್ತಿತ್ತು. ಡಾಕ್ಟರ್ ಬಂದ ಮೇಲೆ ಆ ಊರಿನಲ್ಲಿ ಕೂಸುಗಳು ಸಾಯುವುದು ಕಡಿಮೆಯಾಗಿತ್ತು. ೧೯೫೮ರಲ್ಲಿ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಆ ಪುಣ್ಯ ಇರಲಿಲ್ಲ.

"ಚಂದ್ರಾಮನ ಮನಿ ದಾರ ಯಾವುದು?"

ಡಾಕ್ಟರ್ ತೋರಿಸಿದ. ಫೌಜದಾರ ಬೆರಳಾಡಿಸಿದ. ಚಂದ್ರಾಮ, ರುಕ್ಮವ್ವ. ತಮ್ಮ ಭೀಮಶ್ಯಾ, ಅವನ ಹೆಂಡತಿ ಶೆಟ್ಟೆವ್ವ, ಅವರ ಮಗ. ಐದು ಜನ. ಗಂಟು ಆರು.

"ಆರನೇದು ಯಾರ್ದು?"

ಡಾಕ್ಟರ್ ಮತ್ತೆ ರೋಗಿಯ ನಾಡಿ ಹಿಡಿದ.

"ಹೊರಗ ಮಂದಿ ಕಲ್ಲು ಹಿಡ್ಕೊಂಡು ನಿಂತೈತಿ. ಹೇಳಿದ್ರ ನೀವು ಉಳೀತೀರಿ."

"ನಾ ಉಳೀಬಹುದ್ರಿ. ಆಕಿಗೆ ಕೊಟ್ಟ ಮಾತು ಉಳಿಯೂದಿಲ್ಲ. ಗಂಟು ಹಾಕಿಸಿದಾಕೀನ್ನ ಕೇಳ್ರಿ."

ಫೌಜದಾರ ಅನೇಕ ಮೌನಗಳನ್ನು ಕಂಡವನು. ಕಳ್ಳನ ಮೌನಕ್ಕೆ ಕಣ್ಣು ಬಾಗಿಲ ಕಡೆ ಇರುತ್ತದೆ. ಈ ಮನುಷ್ಯನ ಕಣ್ಣು ರೋಗಿಯ ಮೇಲಿತ್ತು.

* * *

ಊರಿನಲ್ಲಿ ಕಣಗಲ ಗಿಡವಿದ್ದದ್ದು ಒಂದೇ ಹಿತ್ತಲಲ್ಲಿ, ನಾಟಿ ವೈದ್ಯ ಮಡಿವಾಳಪ್ಪನ ಬೇಲಿಯಲ್ಲಿ. ಬುಡದಲ್ಲಿ ಮಣ್ಣು ಹಸಿಯಾಗಿ ಅಗೆದಿತ್ತು.

"ಡಾಕ್ಟರ ಬಂದ ಮ್ಯಾಲೆ ನಿನ್ನ ಅಂಗಡಿ ಬಂದಾತಂತ."

"ಆತ್ರಿ. ಭಾಳ ಚಲೋ ಆತು." ಮುದುಕ ಕೆಮ್ಮಿದ. "ನನ್ನ ದಾರಾನೂ ಅಲ್ಲೇ ತೂಗ್ತೈತಿ, ನೋಡ್ಕೊಂಡು ಬರ್ರಿ. ನನ್ನ ಕಷಾಯ ಊರಿಗೆಲ್ಲಾ ಹತ್ತಿತ್ತು, ನನಗ ಮಾತ್ರ ಹತ್ತಲಿಲ್ಲ."

ಫೌಜದಾರನಿಗೆ ನಗು ತಡೆಯಲಾಗಲಿಲ್ಲ.

"ಬೇರು ಅಗದವರು ಯಾರು?"

"ನಾ ಮನಗಿದ್ದಾಗ ಯಾರೋ ಅಗದಾರ್ರಿ. ಗೊತ್ತಿದ್ರ ಬಡಿಗಿ ತಗೊಂಡು ಹೋಗ್ತಿದ್ನಿ."

"ಈ ಬೇರು ಹಳ್ಳ್ಯಾಗ ಯಾತಕ್ಕ ಹುಡುಕ್ತಾರ?"

ಮಡಿವಾಳಪ್ಪನ ದನಿ ಇಳಿಯಿತು. "ನಿಮಗ ಗೊತ್ತಿಲ್ಲೇನ್ರಿ? ಬಸರ ಇಳಸಾಕ. ಕೇಳಾಕ ಬಂದವ್ರನ್ನೆಲ್ಲಾ ಬೈದು ಅಟ್ಟೇನಿ."

ಆರನೆಯ ಗಂಟು ಯಾರದೆಂದು ಫೌಜದಾರನಿಗೆ ಹೊಳೆಯತೊಡಗಿತ್ತು. ಅದಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ.

* * *

ಮುಂಜಾನೆ ರುಕ್ಮವ್ವ ಕಣ್ಣು ತೆರೆದಳು. ಮೊದಲು ಡಾಕ್ಟರನನ್ನೇ ನೋಡಿದಳು.

"ಉಳದೈತ್ರಿ?"

"ಉಳದೈತಿ ತಂಗಿ. ನೀನೂ ಉಳದಿ."

ಅವಳು ಎರಡೂ ಕೈ ಜೋಡಿಸಲು ಹೋದಳು. ಶಕ್ತಿ ಸಾಲಲಿಲ್ಲ. ಒಂದೇ ಕೈ ಎದೆಯ ಮೇಲೆ ಬಂತು.

ಫೌಜದಾರ ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದ. ಅವಳು ಹೇಳಿದಳು. ಎರಡು ಸಲ ಬಸಿರು ಇಳಿದಿತ್ತು. ಜನ ಬಂಜೆ ಎಂದಿದ್ದರು. ಮೈದುನನ ಮಗನನ್ನು ದತ್ತಕ ತೆಗೆದುಕೊಳ್ಳುವ ಮಾತೂ ಆಗಿತ್ತು. ಈ ಸಲ ಗಂಡನಿಗೂ ಹೇಳಿರಲಿಲ್ಲ, ದೃಷ್ಟಿ ತಾಕೀತೆಂಬ ಭಯ. ಬಾಟಲಿಯ ಔಷಧ ನಿತ್ರಾಣಕ್ಕೆಂದು ಮನೆಯವರಿಗೆ ಹೇಳಿದ್ದಳು.

"ಮತ್ತ ಗಂಟು ಯಾಕ ಹಾಕಿಸಿದೆವ್ವ?"

"ಡಾಕ್ಟರ ದಾರದಾಗ ಇದ್ದವ್ರು ಯಾರೂ ಸುಮ್ನ ಸತ್ತಿಲ್ರಿ. ಹುಟ್ಟೂ ಮೊದ್ಲ ಸೇರಸ್ರಿ, ಹಿಡಕೊಂಡಿರ್ತೈತಿ ಅಂದೆ. ನಕ್ರು. ಆದ್ರ ಹಾಕಿದ್ರು."

"ಇತ್ತೀಚಿಗೆ ಮನ್ಯಾಗ ಯಾರಾದ್ರೂ ನಿನ್ನ ಕೂಡ ಬ್ಯಾರೆ ನಮೂನಿ ನಡಕೊಂಡಾರೇನು?"

ಅವಳು ಯೋಚಿಸಿದಳು. "ಇಲ್ರಿ. ಮೈದುನ ಒಂದಿನ ಕಾಳಜಿ ಮಾಡಿದ. ಕುಂಬಳಕಾಯಿ ಒಡ್ಯಾಕತ್ತಿದ್ದ. 'ವೈನಿ, ನೀ ಹೊರಗ ನಡಿ' ಅಂದ."

ಫೌಜದಾರ ಟೋಪಿ ಕೈಗೆತ್ತಿಕೊಂಡ.

* * *

ಮನೆಯ ಪಡಸಾಲೆಯಲ್ಲಿ ಅಣ್ಣ, ತಮ್ಮ, ಶೆಟ್ಟೆವ್ವ ಕುಳಿತಿದ್ದರು.

"ಚಂದ್ರಾಮ, ಈ ಸುಗ್ಗೀಗೆ ಡಾಕ್ಟರ ಆಯಾ ಹೊತ್ತುಕೊಂಡು ಹೋದವ್ರು ಯಾರು?"

"ತಮ್ಮಾರಿ."

"ಭೀಮಶ್ಯಾ, ಗಂಟು ಎಣಿಸಿ ಜ್ವಾಳ ಸುರುವಿದಿ. ಎಷ್ಟು ಗಂಟಿದ್ವು?"

"ನೆನಪಿಲ್ರಿ."

"ಹೋಗ್ಲಿ. ಕುಂಬಳಕಾಯಿ ಒಡಿಯೋವಾಗ ವೈನೀನ್ನ ಯಾಕ ಹೊರಗ ಕಳಿಸಿದಿ?"

"ಒಡಿಯೋದು ಹೆಂಗಸ್ರು ನೋಡಬಾರ್ದಲ್ರಿ."

ಶೆಟ್ಟೆವ್ವ ತಟ್ಟನೆ ಗಂಡನ ಕಡೆ ತಿರುಗಿದಳು. "ಏನಂತಿ? ನಾ ನಿನ್ನ ಬಾಜೂಕ ಕುಂತು ತಾಟು ಹಿಡಿದಿದ್ನಲ್ಲ! ನಾ ಹೆಂಗಸಲ್ಲೇನು?"

ಭೀಮಶ್ಯಾ ಬಾಗಿಲ ಕಡೆ ನೋಡಿದ.

"ಬರೇ ಹೆಂಗಸ್ರಿಗೆ ಅಲ್ಲ," ಫೌಜದಾರ ನಿಧಾನವಾಗಿ ಹೇಳಿದ. "ಬಸರಿ ನೋಡಬಾರ್ದು. ನೋಡಿದ್ರ ಒಡದವನ ಮಕ್ಕಳಿಗೆ ದೋಷ ಅಂತಾರ. ಗಂಡಗೂ ಗೊತ್ತಿಲ್ಲದ ಬಸರ ನಿನಗ ಗೊತ್ತಿತ್ತು. ದಾರದಾಗ ಆರನೇ ಗಂಟು ಕಂಡಿ. ನಿನ್ನ ಮಗನ್ನ ಅಣ್ಣಗ ದತ್ತಕ ಕೊಡೂ ಮಾತು ಆಗಿತ್ತಂತ ಊರೆಲ್ಲಾ ಹೇಳ್ತೈತಿ. ಅಣ್ಣಗ ಸ್ವಂತ ಕೂಸು ಹುಟ್ಟಿದ್ರ ಹೊಲ ಹೋಗ್ತಿತ್ತು. ಬಾಟ್ಲಿ ಗ್ವಾಡಿ ಮಾಡದಾಗ ಎಲ್ಲಾರ ಕೈಗೆ ಸಿಗೂವಂಗ ಇರ್ತಿತ್ತು. ಆದ್ರ ಕಾಯಿ ಮುಂದ ಬಂದಾಗ ನಿನ್ನ ಮಗನ ನೆನಪಾತು. ಆಕಿ ಕೂಸಿಗೆ ಬೇರು ಅರದ ಕೈ, ನಿನ್ನ ಕೂಸಿನ ದೋಷಕ್ಕ ಹೆದರ್ತು."

ಭೀಮಶ್ಯಾ ಅಣ್ಣನ ಕಡೆ ಕೈ ಚಾಚಿದ. "ಆಕಿ ಸಾಯ್ಲಿ ಅಂತಲ್ರಿ. ಬರೇ ಇಳೀಲಿ ಅಂತ..."

ಶೆಟ್ಟೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಂದ್ರಾಮ ತಮ್ಮನನ್ನು ನೋಡಲಿಲ್ಲ. ಅವನಿಗೆ ಕೇಳಿಸಿದ್ದು ಒಂದೇ ಮಾತು.

"ಕೂಸು?"

"ಉಳದೈತಿ. ಹೋಗಿ ಡಾಕ್ಟರ ಕಾಲಿಗೆ ಬೀಳು."

* * *

ಚಂದ್ರಾಮ ಹೋದ. ಆದರೆ ಬೀಳಲು ಡಾಕ್ಟರ್ ಬಿಡಲಿಲ್ಲ.

"ತಿಳಿ ಗಂಜಿ ಕೊಡ್ರಿ. ಬಿಸಿ ಇರ್ಲಿ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದ.

ಭೀಮಶ್ಯಾನನ್ನು ಸಿಂದಗಿಗೆ ಕರೆದೊಯ್ಯುವ ಮೊದಲು ಫೌಜದಾರ ದವಾಖಾನೆಯ ಕಡೆ ಒಮ್ಮೆ ನೋಡಿದ. ಜನ ಬರತೊಡಗಿದ್ದರು. ನಿನ್ನೆ ಬಂದವರೇ. ಕೈಯಲ್ಲಿ ಕಲ್ಲಿರಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ. ಆ ಮಾತು ಅವರಿಗೆ ಬರುತ್ತಿರಲಿಲ್ಲ. ಒಬ್ಬೊಬ್ಬರೇ ಬಂದು ಕಟ್ಟೆಯ ಮೇಲೆ ತಮ್ಮ ತಮ್ಮ ರೋಗ ಹಿಡಿದು ಕುಳಿತರು.

ಮೊದಲು ಒಳಗೆ ಹೋದವನು ಗೈಬುಸಾಬ.

"ಏನಾಗೇತಿ?" ಡಾಕ್ಟರ್ ಕೇಳಿದ.

"ಗಂಟಲಾ ಬಿದ್ದೈತ್ರಿ." ದನಿ ಹೊರಡುತ್ತಲೇ ಇರಲಿಲ್ಲ. "ನಿನ್ನಿ... ನಿಮ್ಮ ಬಾಗಿಲಾ ಮುಂದ... ಭಾಳ ಒದರಿದೆ."

ಡಾಕ್ಟರ್ ಕುರ್ಚಿ ಹತ್ತಿರ ಎಳೆದ.

"ಆ ಅನ್ರಿ," ಎಂದ.