ವಾಪಸ್ ಹೋದ ತಟ್ಟೆ

"ಇದು ಕಮಟು ಹಿಡದೈತ್ರಿ. ವಾಪಸ್ ತಗೊಂಡು ಹೋಗ್ರಿ."

ಪ್ರಮಿಳಾ ಮೆಲ್ಲಗೇ ಹೇಳಿದ್ದಳು. ಆದರೂ ಆಚೀಚೆಯ ಎರಡು ಟೇಬಲ್‌ನವರು ತಿರುಗಿ ನೋಡಿದರು. ಆ ಜಾಗವೇ ಹಾಗಿತ್ತು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಹಳೆಯ ಬಂಗಲೆಯೊಂದನ್ನು ರಿಪೇರಿ ಮಾಡಿಸಿ ತೆರೆದಿದ್ದ ಇಟಾಲಿಯನ್ ರೆಸ್ಟೋರೆಂಟ್. ಬಿಳಿ ಬಟ್ಟೆ ಹಾಸಿದ ಟೇಬಲ್‌ಗಳು, ಹೂವಿನ ಹಾಗೆ ಮಡಚಿಟ್ಟ ಕರವಸ್ತ್ರ, ಚಮಚ ತಾಗಿದರೂ ಕೇಳಿಸುವಷ್ಟು ಮೌನ.

ಎದುರಿಗೆ ಕುಳಿತಿದ್ದ ಆಕಾಶ ಮುಜುಗರದಿಂದ ನೀರು ಕುಡಿದ. ಅವನು ಅನಗೋಳದವನು, ಬ್ಯಾಂಕಿನಲ್ಲಿ ನೌಕರಿ. ಮದುವೆಗೆ ಎರಡೂ ಮನೆಯವರು ಹೆಚ್ಚುಕಡಿಮೆ ಒಪ್ಪಿದ್ದರು. ಒಮ್ಮೆ ಇಬ್ಬರೇ ಕೂತು ಊಟ ಮಾಡಿ, ಮಾತಾಡಿ ಬನ್ನಿ ಎಂದು ಅಣ್ಣ ಲಕ್ಷ್ಮಣನೇ ಪ್ರಮಿಳಾಳನ್ನು ಖಾನಾಪುರದಿಂದ ಬೈಕಿನಲ್ಲಿ ತಂದು ಇಲ್ಲಿ ಬಿಟ್ಟು ಹೋಗಿದ್ದ.

ತಟ್ಟೆಯಲ್ಲಿದ್ದದ್ದು ಹಸಿರು ಚಟ್ನಿಯಂಥ ಪೆಸ್ಟೊ ಕಲಸಿದ ಪಾಸ್ತಾ. ನೋಡಲು ಚೆಂದವೇ ಇತ್ತು. ಆದರೆ ಮೊದಲ ತುತ್ತು ಬಾಯಿಗೆ ಬರುವ ಮೊದಲೇ ಅವಳ ಮೂಗಿಗೆ ಗೊತ್ತಾಗಿತ್ತು... ಅದರಲ್ಲಿ ಅರೆದು ಹಾಕಿದ ಅಕ್ರೋಟ್ ಹಳೆಯದು, ಎಣ್ಣೆ ಬಿಟ್ಟು ಕಮಟಾಗಿದೆ.

ಮುಖ್ಯ ಬಾಣಸಿಗರೇ ಸ್ವತಃ ಮಾಡಿ ಕಳಿಸಿದ್ದು ಎಂದು ವೇಟರ್ ವಿನಯದಿಂದ ಹೇಳಿದ. ಹಾಗಿದ್ದರೆ ಅವರನ್ನೇ ಕರೆಯಿರಿ, ಅವರೇ ಮೂಸಿ ನೋಡಲಿ ಎಂದಳು ಪ್ರಮಿಳಾ.

ಅಡುಗೆಮನೆಯ ಬಾಗಿಲು ತೆರೆಯಿತು.

ಬಿಳಿ ಕೋಟು ತೊಟ್ಟು ಹೊರಗೆ ಬಂದವನನ್ನು ನೋಡಿ ಅವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಸಂಜಯ!

ಎಂಟು ತಿಂಗಳ ಹಿಂದೆ, ಒಂದೇ ಒಂದು ಕಾರಣ ಹೇಳದೆ ಅವಳನ್ನು ಬೇಡವೆಂದು ಹೋದವನು.

ಇಲ್ಲಿ ಯಾಕಿದ್ದಾನೆ? ಗೋವಾದಲ್ಲಲ್ಲವೇ ಇವನ ಹೋಟೆಲ್ಲು?

ಅವನೂ ಅವಳನ್ನು ಕಂಡು ಒಂದು ಕ್ಷಣ ಬಾಗಿಲಲ್ಲೇ ನಿಂತ. ಆಮೇಲೆ ಹತ್ತಿರ ಬಂದು, ತಟ್ಟೆ ಎತ್ತಿ ಮೂಗಿಗೆ ಹಿಡಿದ. ಒಮ್ಮೆ ಉಸಿರೆಳೆದ. ಮತ್ತೊಮ್ಮೆ ಎಳೆದ. ಬಳಿಕ ತಟ್ಟೆಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡಿದ.

"ಖರೇನ ಕಮಟು ಐತೇನ್ರಿ?"

ಅದರಲ್ಲಿ ವಾದವಿರಲಿಲ್ಲ, ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಆಕಾಶ ನಕ್ಕುಬಿಟ್ಟ. ಅಡುಗೆ ಮಾಡಿದವರೇ ತಿನ್ನುವವರನ್ನು ಹೀಗೆ ಕೇಳಿದರೆ ಹೇಗೆ ಎಂದ. ಸಂಜಯನ ಕಿವಿ ಕೆಂಪಾದವು. ತಪ್ಪಾಯಿತು, ಬೇರೆ ಮಾಡಿ ಕಳಿಸುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿ, ತಟ್ಟೆ ತೆಗೆದುಕೊಂಡು ಒಳಗೆ ಹೋದ.

ಪ್ರಮಿಳಾ ಸಿಟ್ಟಿಗೇಳಬೇಕಿತ್ತು. ಎಂಟು ತಿಂಗಳು ಕೂಡಿಟ್ಟ ಸಿಟ್ಟು ಅದು. ಆದರೆ ಮನಸ್ಸು ಬೇರೆಲ್ಲೋ ಸಿಕ್ಕಿಹಾಕಿಕೊಂಡಿತ್ತು. ಎರಡು ಸಲ ಮೂಸಿದ... ಆದರೂ ಯಾಕೆ ಕೇಳಿದ?

* * *

ಸಂಜಯ ಪೀರನವಾಡಿಯವನು. ಕೊರೊನಾದ ಎರಡನೇ ಅಲೆಯಲ್ಲಿ ಗೋವಾದ ಹೋಟೆಲ್ ಮುಚ್ಚಿ ಅವನು ಊರಿಗೆ ಬಂದಿದ್ದಾಗ ಸಂಬಂಧದ ಮಾತು ಎದ್ದಿತ್ತು. ಓಡಾಟವಿಲ್ಲದ ದಿನಗಳು. ಹಾಗಾಗಿ ಹಿರಿಯರೇ ಫೋನ್ ನಂಬರ್ ಕೊಟ್ಟು, ಮೊದಲು ಮಾತಾಡಿಕೊಳ್ಳಿ ಎಂದಿದ್ದರು.

ಮೂರು ತಿಂಗಳು ಮಾತಾಡಿದರು. ಅವಳು ಖಾನಾಪುರದ ಪಶು ಆಸ್ಪತ್ರೆಯಲ್ಲಿ ದನಕುರಿಗಳನ್ನು ನೋಡುವ ಪರೀಕ್ಷಕಿ. ಯಾವ ಹಳ್ಳಿಯಲ್ಲಿ ಯಾವ ಆಡು ಅವಳಿ ಮರಿ ಹಾಕಿತು ಎಂಬುದನ್ನೂ ಅವನು ನೆನಪಿಟ್ಟುಕೊಂಡು ಮರುದಿನ ಕೇಳುತ್ತಿದ್ದ. ಅವನು ಹಿಟ್ಟು ನಾದುವುದನ್ನು ವರ್ಣಿಸಿದರೆ ಇವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕೊನೆಕೊನೆಗೆ ಇಬ್ಬರೂ ಫೋನ್ ಇಡಲು ಹಿಂದುಮುಂದು ನೋಡುತ್ತಿದ್ದರು.

ಶ್ರಾವಣದಲ್ಲಿ ಅವನು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ. ಕೊಟ್ಟಿಗೆಯ ತುಂಬ ಕುರಿಗಳು, ಹಗ್ಗದ ಮೇಲೆ ಒದ್ದೆ ಕಂಬಳಿಗಳು. ಮನೆಯೆಲ್ಲ ಅದೇ ವಾಸನೆ. ಅವಳಿಗೆ ನಾಚಿಕೆಯಾಗಿ, ಹಿತ್ತಲಲ್ಲಿ ಇಬ್ಬರೇ ನಿಂತಾಗ ನಗುತ್ತ ಕೇಳಿದ್ದಳು, ನಮ್ಮ ಕುರಿಗಳ ವಾಸನೆ ನಿಮಗೆ ಆಗಿಬರುತ್ತದೋ ಇಲ್ಲವೋ ಎಂದು.

ಅವನು ಕೊಟ್ಟಿಗೆಯ ಕಡೆ ತಿರುಗಿ ಜೋರಾಗಿ ಉಸಿರೆಳೆದ. ಮುಖದ ಬಣ್ಣವೇ ಇಳಿದುಹೋಯಿತು. ಒಂದೂ ಮಾತಾಡದೆ ಒಳಗೆ ಹೋದ, ಚಹಾ ಅರ್ಧಕ್ಕೇ ಬಿಟ್ಟು ಹೊರಟ. ಮೂರನೆಯ ದಿನ ಸುದ್ದಿ ಬಂತು... ಹುಡುಗನಿಗೆ ಸದ್ಯ ಮದುವೆ ಬೇಡವಂತೆ.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ನಂಬರೇ ಬದಲಾಗಿತ್ತು.

ಕುರಿ ಕಾಯುವವರ ಮನೆ ಎಂದು ಅವನಿಗೆ ಹೇಸಿಗೆಯಾಯಿತು, ಅವನ ಮನೆಯವರೂ ಕುರಿ ಸಾಕಿದವರೇ ಆಗಿದ್ದರೂ ದೊಡ್ಡ ಹೋಟೆಲ್ಲಿನ ಗಾಳಿ ತಾಗಿದೆ... ಹೀಗೆಂದೇ ಅವಳು ನಂಬಿದ್ದಳು. ಆ ದಿನದ ನಂತರ ಎಷ್ಟೋ ತಿಂಗಳು, ಡ್ಯೂಟಿಗೆ ಹೊರಡುವ ಮೊದಲು ತನ್ನ ದುಪಟ್ಟಾ ತಾನೇ ಮೂಸಿ ನೋಡಿಕೊಳ್ಳುತ್ತಿದ್ದಳು.

* * *

"ನಿಮಗ ಅವರು ಮೊದಲಿಂದ ಗೊತ್ತೇನ್ರಿ?" ಆಕಾಶ ಕೇಳಿದ.

ಪ್ರಮಿಳಾಳ ಕಣ್ಣ ಮುಂದೆ ಪಶು ಆಸ್ಪತ್ರೆಯ ಅಂಗಳವಿತ್ತು. ನೆಗಡಿಯಾಗಿ ಮೂಗು ಕಟ್ಟಿದ ಕುರಿಯನ್ನು ಅವಳು ಎಷ್ಟು ಸಲ ನೋಡಿಲ್ಲ! ಹಸಿರು ಹುಲ್ಲು ಮುಂದಿಟ್ಟರೂ ಮೂಸುತ್ತದೆ, ಮತ್ತೆ ಮೂಸುತ್ತದೆ, ಗೊತ್ತಾಗದೆ ತಲೆಯೆತ್ತಿ ಮನುಷ್ಯರ ಮುಖ ನೋಡುತ್ತದೆ.

ಅವನಿಗೆ ವಾಸನೆ ತಿಳಿಯುವುದಿಲ್ಲ!

ಇವತ್ತಲ್ಲ. ಆವತ್ತೂ ತಿಳಿದಿರಲಿಲ್ಲ.

ಅವಳು ಎದ್ದು ನಿಂತಳು. ಆಕಾಶನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು, ಇವರೊಂದಿಗೆ ತನ್ನ ಮದುವೆಯ ಮಾತಾಗಿತ್ತು, ಮುರಿದಿತ್ತು, ಯಾಕೆ ಮುರಿಯಿತು ಎಂಬುದು ಈಗಷ್ಟೇ ತನಗೆ ತಿಳಿಯುತ್ತಿದೆ, ಮನಸ್ಸು ಇಲ್ಲಿಲ್ಲದೆ ನಿಮ್ಮ ಎದುರು ಕುಳಿತಿರುವುದು ನಿಮಗೇ ಮೋಸ ಎಂದು. ಆಕಾಶ ಕರವಸ್ತ್ರ ಮಡಚಿ ಟೇಬಲ್ ಮೇಲಿಟ್ಟ. ಒಳ್ಳೆಯ ಮನುಷ್ಯ. ಈಗಲೇ ಹೇಳಿದ್ದು ಛಲೋ ಆಯಿತು, ನಿಮ್ಮ ಅಣ್ಣನಿಗೆ ನಾನೇ ತಿಳಿಸಿ ಹೇಳುತ್ತೇನೆ ಎಂದು ಎದ್ದು ಹೋದ.

ಪ್ರಮಿಳಾ ನೇರವಾಗಿ ಅಡುಗೆಮನೆಯ ಬಾಗಿಲು ತಳ್ಳಿದಳು.

ಸಂಜಯ ಆ ಅಕ್ರೋಟಿನ ಡಬ್ಬಿ ಮುಂದಿಟ್ಟುಕೊಂಡು ನಿಂತಿದ್ದ. ಒಂದೊಂದೇ ಚೂರು ಬಾಯಿಗೆ ಹಾಕಿ ಅಗಿಯುತ್ತಿದ್ದ, ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗನ ಹಾಗೆ.

"ಎಷ್ಟ ದಿನ ಆತ್ರಿ, ಮೂಗು ಹೋಗಿ?"

ಅವನ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ನಿಮ್ಮ ಮನಿಗೆ ಬರೂ ಹಿಂದಿನ ವಾರ ಜ್ವರ ಬಂದಿತ್ತು," ಅಂದ. "ಊಟ ರುಚಿ ಹತ್ತವಲ್ಲದು, ಜ್ವರದ ಬಾಯಿ ಅಂತ ತಿಳಕೊಂಡಿದ್ದೆ. ನೀವು ಹಿತ್ತಲದಾಗ ಕೇಳಿದಾಗ ಉಸುರು ಎಳದೆ... ಏನೂ ಬರಲಿಲ್ಲ, ಪ್ರಮಿಳಾ. ಅಷ್ಟು ಕುರಿ ಮುಂದ ನಿಂತಿದ್ರೂ, ಒಂದೀಟೂ ಬರಲಿಲ್ಲ. ಅಲ್ಲೇ ಗೊತ್ತಾತು ನನಗ."

ಉಳಿದದ್ದನ್ನು ಅವನು ತಡೆತಡೆದು ಹೇಳಿದ. ಡಾಕ್ಟರು, ಕೊರೊನಾದಿಂದ ಹೋದ ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಮೂಗಿಲ್ಲದ ಬಾಣಸಿಗನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಗೋವಾದ ಕೆಲಸ ತಾನೇ ಬಿಟ್ಟ. ಇಲ್ಲಿ ಈ ಹೋಟೆಲ್ ಶುರುವಾದಾಗ ಹೆದರುತ್ತಲೇ ಸೇರಿದ. ಹಿರಿಯ ಅಡುಗೆಯವ ಈರಯ್ಯನೊಬ್ಬನಿಗೇ ಗುಟ್ಟು ಗೊತ್ತಿತ್ತು. ಸಂಜಯ ಅಳತೆ ತಪ್ಪದೆ, ಗಡಿಯಾರ ನೋಡಿ ಬೇಯಿಸುವುದು, ಈರಯ್ಯ ಮೂಸಿ, ರುಚಿ ನೋಡುವುದು. ಇವತ್ತು ಈರಯ್ಯ ಸಂಬಂಧಿಕರ ಮದುವೆಗೆ ಹೋಗಿದ್ದ.

"ನನಗ ಯಾಕ ಹೇಳಲಿಲ್ಲ?" ಪ್ರಮಿಳಾ ಕೇಳಿದಳು. "ನಮ್ಮ ಮನಿ ವಾಸನಿಗೆ ಹೇಸಿ ಹೋದ್ರಿ ಅಂತ ಎಂಟು ತಿಂಗಳು ನನ್ನ ನಾನ ಮೂಸಿಕೊಂಡು ಓಡಾಡೇನಿ."

ಅವನು ಥಟ್ಟನೆ ತಿರುಗಿದ. ಈ ಮಾತು ಅವನಿಗೆ ಹೊಡೆದಂತಾಗಿತ್ತು. ಅವಳು ಹಾಗೆ ಅಂದುಕೊಂಡಿರಬಹುದೆಂದು ಅವನ ಕನಸಿಗೂ ಬಂದಿರಲಿಲ್ಲ.

"ಹೇಳಿದ್ರ ನೀವು ಬ್ಯಾಡ ಅಂತಿರಲಿಲ್ಲ. ಅದ ನನಗ ಹೆದರಿಕಿ ಆತು," ಅಂದ. "ಕರುಣಾ ಬಂದು ಹೂಂ ಅಂದಬಿಡ್ತೀರಿ ಅಂತ. ಹುಚ್ಚ ನಾನು... ಹೇಳಬೇಕಿತ್ತು."

ಅವನ ಕಣ್ಣು ತುಂಬಿದ್ದವು. ಪ್ರಮಿಳಾಳಿಗೆ ಅಳು ಬರಲಿಲ್ಲ. ಎದೆಯ ಮೇಲೆ ಯಾರೋ ಎಂಟು ತಿಂಗಳಿಂದ ಕೂತಿದ್ದವರು ಎದ್ದು ಹೋದಂತಾಯಿತು. ಅವಳು ಗೋಡೆಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟಳು.

ನನ್ನ ತಪ್ಪಲ್ಲ. ನಮ್ಮ ಮನೆಯ ತಪ್ಪಲ್ಲ. ಅವನು ನನ್ನನ್ನು ಬೇಡ ಅಂದೇ ಇರಲಿಲ್ಲ!

ಆದರೂ ಅವಳು ಅಷ್ಟಕ್ಕೇ ಬಿಡಲಿಲ್ಲ. ಮೊದಲು ಆ ಡಬ್ಬಿ, ಅರೆದಿಟ್ಟ ಪೆಸ್ಟೊ ಎರಡನ್ನೂ ಚೆಲ್ಲಿಸಿದಳು. ಬಳಿಕ, ಮಾಲೀಕರಿಗೆ ಇವತ್ತೇ ಹೇಳಬೇಕು, ತಿನ್ನಲು ಬಂದವರಿಗೆ ಇದರಿಂದ ತೊಂದರೆಯಾಗಬಾರದು ಎಂದಳು. ಸಂಜಯ ತಲೆಯಾಡಿಸಿ ಏಪ್ರನ್ ಬಿಚ್ಚಿದ. ಕೆಲಸ ಹೋಯಿತೆಂದೇ ಅವನ ಲೆಕ್ಕ.

ಮಾಲೀಕ ಗುರುಪಾದಪ್ಪ ಅರವತ್ತು ದಾಟಿದವರು, ಹೋಟೆಲ್ ಧಂದೆಯಲ್ಲೇ ಕೂದಲು ಹಣ್ಣಾದವರು. ಸಂಜಯ ನಿಂತುಕೊಂಡೇ ಎಲ್ಲ ಹೇಳಿದ. ಪ್ರಮಿಳಾ ಬಾಗಿಲ ಬಳಿ ನಿಂತಿದ್ದಳು. ಅವರು ಕನ್ನಡಕ ತೆಗೆದು ಒರೆಸಿದರು.

"ದೀಪಾವಳಿಗೇ ಗೊತ್ತಾಗೇತಿ ನನಗ. ಹಾಲು ಸೀದು ಹೊಗಿ ಎದ್ರೂ ನೀ ಬಾಜೂಕ ಹಂಗ ನಿಂತಿದ್ದಿ. ನೀನ ಬಂದು ಹೇಳ್ತಿ ಅಂತ ಕಾಯಾಕತ್ತಿದ್ದೆ, ತಮ್ಮಾ."



ಕೈ ಕೆಟ್ಟಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೇನೆ ಎಂದರು ಗುರುಪಾದಪ್ಪ. ಆದರೆ ಈರಯ್ಯ ಇಲ್ಲದ ದಿನ ತನಗೆ ಹೇಳದೆ ಒಲೆ ಹಚ್ಚಿದ್ದು ತಪ್ಪು, ಇನ್ನು ಮುಂದೆ ದಿನಾ ಇಬ್ಬರು ರುಚಿ ನೋಡದೆ ಒಂದು ತಟ್ಟೆಯೂ ಹೊರಗೆ ಹೋಗಬಾರದು ಎಂದು ಗದರಿದರು. ಆಮೇಲೆ ಅವನ ಕೈಯಲ್ಲಿದ್ದ ಏಪ್ರನ್ ನೋಡಿ, ಅದನ್ನು ಯಾಕೆ ಬಿಚ್ಚಿದ್ದೀ, ಹೊರಗೆ ಜನ ಹಸಿದು ಕೂತಿದ್ದಾರೆ ಎಂದರು.

* * *

ಮುಂದಿನ ಭಾನುವಾರ ಸಂಜಯ ತಂದೆ ಬಂಡೆಪ್ಪ, ತಾಯಿ ಸಾವಂತ್ರವ್ವರನ್ನು ಕರೆದುಕೊಂಡು ಖಾನಾಪುರಕ್ಕೆ ಬಂದ. ತಾಯಿಗೂ ವಿಷಯ ಗೊತ್ತಾದದ್ದು ಆ ವಾರವೇ. ದಾರಿಯುದ್ದಕ್ಕೂ ಮಗನನ್ನು ಬೈದುಕೊಂಡೇ ಬಂದಿದ್ದಳು.

ಪ್ರಮಿಳಾಳ ಅಪ್ಪ ಹಣಮಪ್ಪನ ಮುಖ ಬಿಗಿದೇ ಇತ್ತು. ಎಂಟು ತಿಂಗಳು ಬೀಗರು ಬಿಜ್ಜರು ಕೇಳಿದ ಪ್ರಶ್ನೆಗಳನ್ನು ಅವನು ಮರೆತಿರಲಿಲ್ಲ. ಸಂಜಯ ಸುತ್ತಿ ಬಳಸಲಿಲ್ಲ. ತನ್ನಿಂದ ತಪ್ಪಾಗಿದೆ, ಹೆದರಿ ಓಡಿಹೋದೆ, ನಿಮ್ಮ ಮಗಳಿಗೆ ಮಾಡಿದ ಅವಮಾನ ದೊಡ್ಡದು ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡ.

ಮೂಗು ಮತ್ತೆ ಸರಿಹೋಗದಿದ್ದರೆ ಏನು ಮಾಡುತ್ತೀ ಎಂದು ಕೇಳಿದ ಹಣಮಪ್ಪ.

"ದುಡದು ತಿಂತೀನ್ರಿ ಮಾಮಾ. ಅದು ನನಗ ಚಿಂತಿಲ್ಲ ಈಗ. ಆದ್ರ ಆಕಿಗೆ ಹೇಳದ ಇನ್ನ ಯಾವ ನಿರ್ಧಾರನೂ ಮಾಡಂಗಿಲ್ಲ."

ಹಣಮಪ್ಪ ಮಗಳ ಕಡೆ ನೋಡಿದ. ತಾಯಿ ಕಾಡವ್ವ ನೋಡಿದಳು. ಅಣ್ಣ ಲಕ್ಷ್ಮಣನಂತೂ ಮೊದಲೇ ನಗುತ್ತಿದ್ದ. ಪ್ರಮಿಳಾ ತಲೆ ತಗ್ಗಿಸಲಿಲ್ಲ. ತನಗೆ ಒಪ್ಪಿಗೆ ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು. ಹಿರಿಯರು ಮುಹೂರ್ತದ ಮಾತಿಗೆ ಕೂತರು.

ಸಂಜಯ ಹೊರಗಿನ ಕಟ್ಟೆಯ ಮೇಲೆ ಬಂದು ಕೂತ. ಪ್ರಮಿಳಾ ಬಂದು ಪಕ್ಕದಲ್ಲಿ ಕುಳಿತಳು. ನಡುವೆ ಒಂದು ಗೇಣು ಜಾಗ ಬಿಟ್ಟು.

ನಾಲ್ಕು ದಿನದಿಂದ ಕಾಫಿಯ ವಾಸನೆ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ ಎಂದು ಅವನು ಹೇಳಿದ. ಡಾಕ್ಟರು ಹೇಳಿದಂತೆ ದಿನಾ ಬೆಳಗ್ಗೆ ಲವಂಗ, ನಿಂಬೆಹಣ್ಣು ಮೂಸುತ್ತಾನಂತೆ. ಲವಂಗದ ವಾಸನೆ ಇನ್ನೂ ಇಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ.

"ಬಂದ್ರ ಬರ್ಲಿ," ಅಂದಳು ಪ್ರಮಿಳಾ. "ನಿಮಗ ನನ್ನ ಮ್ಯಾಲ ಮನಸ್ಸಿತ್ತು ಅನ್ನೂದು ಗೊತ್ತಾತಲ್ಲ. ನನಗ ಅಷ್ಟ ಬೇಕಿತ್ತು."

"ಇತ್ತು ಅಲ್ಲ," ಅವನು ಅವಳ ಕಡೆ ತಿರುಗಿದ. "ಐತಿ. ಒಂದ ದಿನಾನೂ ಕಡಿಮಿ ಆಗಿಲ್ಲ."

ಅವಳು ನಡುವಿನ ಗೇಣು ಜಾಗವನ್ನು ನೋಡಿದಳು. ಮೆಲ್ಲಗೆ ಸರಿದು ಕುಳಿತಳು.

"ಮತ್ತೇನರ ಮುಚ್ಚಿಟ್ಟೀರೇನು? ಇದ್ರ ಈಗ ಹೇಳ್ರಿ."

ಅವನು ಯೋಚಿಸಿದ.

"ಒಂದೈತಿ. ನಿಮ್ಮಪ್ಪಗ ಹೆದರಿ ನಿನ್ನೆಯಿಂದ ಒಂದು ತುತ್ತೂ ಇಳದಿಲ್ಲ. ಈಗ ಭಾಳ ಹಸಿವಾಗೇತಿ."

ಪ್ರಮಿಳಾ ಜೋರಾಗಿ ನಕ್ಕಳು. ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ಹೊರಗೆ ನೋಡಿದರು. ಅವಳು ಲೆಕ್ಕಿಸಲಿಲ್ಲ. ಎದ್ದು ನಿಂತು ಅವನ ಕಡೆ ಕೈ ಚಾಚಿದಳು.

"ಏಳ್ರಿ. ಅವ್ವ ರೊಟ್ಟಿ ಬಡ್ಯಾಕತ್ತಾಳ."